ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿದ್ದ ಪೈಲಟ್: ಅಜ್ಜಮಾಡ ದೇವಯ್ಯ

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಬೇಕಿದ್ದ ಹನ್ನೆರಡು ಪೈಲಟ್‌ಗಳಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಹನ್ನೆರಡರಲ್ಲಿ ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಲು ಸಿದ್ಧವಾಗಿ ಕಾಯುವವರು. ಎಲ್ಲವೂ ಅಂದುಕೊಂಡಂತೆ ನಡೆದಿದ್ದರೆ ಅವತ್ತು ಅವರು ಗಡಿ ದಾಟುವ ಪ್ರಶ್ನೆಯೇ ಇರಲಿಲ್ಲ. ಒಂದು ಜಾಗ ಖಾಲಿಯಾಯಿತು. ದೇವಯ್ಯ ಹೋದರು. ಮರಳಿ ಬರಲಿಲ್ಲ.

ಅವರಿಗೆ ಏನಾಯಿತು ಅಂತ ನಮಗೆ ತಿಳಿಯಲು 14 ವರ್ಷ ಬೇಕಾಯಿತು. ಮಹಾವೀರ ಚಕ್ರ ಸಲ್ಲಲು 23 ವರ್ಷ. ಈ 23 ವರ್ಷಗಳ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ. ಆದರೆ ಅದಕ್ಕೂ ಮೊದಲು ಮನುಷ್ಯನ ಪರಿಚಯ ಆಗಬೇಕಲ್ವಾ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಅವರ ಒಕ್ಕದ, ಅಂದರೆ ಮನೆತನದ ಹೆಸರು. ಊರು ದಕ್ಷಿಣ ಕೊಡಗಿನ ಕುರ್ಚಿ. ಕೊಡಗಿನ ಹುಡುಗರು ಸೇನೆಗೆ ಸೇರುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ದೇವಯ್ಯ ಬೆಳೆದ ಕಾಲದಲ್ಲಂತೂ ಕಣ್ಣ ಮುಂದೆಯೇ ದೊಡ್ಡ ಉದಾಹರಣೆಗಳಿದ್ದವು. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದಾಗ ದೇವಯ್ಯ ಅವರಿಗೆ 16 ವರ್ಷ. ಮುಂದೆ 1957ರಲ್ಲಿ ತಿಮ್ಮಯ್ಯ ಸೇನಾ ಮುಖ್ಯಸ್ಥರಾದರು. ಆ ಹುಡುಗ ಮಾತ್ರ ಭೂಸೇನೆಯ ದಾರಿ ಹಿಡಿಯಲಿಲ್ಲ. 1954ರಲ್ಲಿ ವಾಯುಪಡೆಯ ಪೈಲಟ್ ಆದರು.

ಆಗಿನ ಭಾರತೀಯ ವಾಯುಪಡೆ ವೇಗವಾಗಿ ಬದಲಾಗುತ್ತಿತ್ತು. ಪಂಖ ತಿರುಗುವ ವಿಮಾನಗಳ ಕಾಲ ಮುಗಿಯುತ್ತಾ ಬಂದಿತ್ತು. ಜೆಟ್‌ಗಳು ಬರುತ್ತಿದ್ದವು. ಮೊದಲು ಬ್ರಿಟನ್ನಿನ ವ್ಯಾಂಪೈರ್, ಆಮೇಲೆ ಫ್ರಾನ್ಸಿನ ಊರಗಾನ್ ಮತ್ತು ಮಿಸ್ಟೇರ್, ಮತ್ತೆ ಬ್ರಿಟನ್ನಿನ ಹಂಟರ್ ಮತ್ತು ನ್ಯಾಟ್. ಹತ್ತು ವರ್ಷಗಳೊಳಗೆ ಇಷ್ಟೊಂದು ಬಗೆಯ ವಿಮಾನಗಳು ಬಂದಾಗ ಅವುಗಳನ್ನು ಹಾರಿಸುವವರನ್ನು ತಯಾರು ಮಾಡುವುದೇ ದೊಡ್ಡ ಕೆಲಸ. ದೇವಯ್ಯ ಆ ಕೆಲಸದಲ್ಲಿದ್ದರು. ಯುದ್ಧ ಶುರುವಾದಾಗ ಅವರು ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್.

ಇನ್‌ಸ್ಟ್ರಕ್ಟರ್ ಆಗುವುದು ಎಂದರೆ ಸುಮ್ನೆ ಪಾಠ ಹೇಳುವುದಲ್ಲ. ಇನ್ನೂ ಸರಿಯಾಗಿ ಹಾರಲು ಬಾರದ ಹುಡುಗನ ಜೊತೆ ಒಂದೇ ವಿಮಾನದಲ್ಲಿ ಕೂರಬೇಕು. ಅವನ ತಪ್ಪನ್ನು ಅವನೇ ತಿದ್ದಿಕೊಳ್ಳುವಷ್ಟು ಹೊತ್ತು ಬಿಡಬೇಕು, ಇಬ್ಬರೂ ಸಾಯುವಷ್ಟು ಹೊತ್ತು ಬಿಡಬಾರದು. ಕೈ ಯಾವಾಗ ಚಾಚಬೇಕು, ಯಾವಾಗ ಚಾಚಬಾರದು ಎಂಬ ಲೆಕ್ಕ ದಿನವೂ ನಡೆಯುತ್ತಿರುತ್ತದೆ. ಭಯವನ್ನು ಮುಖದಲ್ಲಿ ತೋರಿಸುವ ಹಾಗಿಲ್ಲ. ಅವರ ಕೊನೆಯ ಬೆಳಗಿನ ಬಗ್ಗೆ ಓದುವಾಗಲೆಲ್ಲ ನನಗೆ ಅವರು ಮೇಷ್ಟ್ರಾಗಿದ್ದರು ಎಂಬುದೇ ಮೊದಲು ನೆನಪಾಗುತ್ತದೆ. ಯೋಧರ ಜೀವನ ಬರೆಯುವವರು ಈ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ ಅನ್ನಿಸುತ್ತದೆ ನನಗೆ. ಸಾವು ಒಂದು ಬೆಳಗಿನದು, ಸೇವೆ 11 ವರ್ಷದ್ದು.

ಯುದ್ಧ ಬಂದಾಗ ಅವರನ್ನು ಒಂದನೇ ನಂಬರಿನ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ಟೈಗರ್ಸ್ ಅಂತ ಅದರ ಹೆಸರು, ವಾಯುಪಡೆಯ ಅತಿ ಹಳೆಯ ಸ್ಕ್ವಾಡ್ರನ್. ನೆಲೆ ಪಂಜಾಬಿನ ಆದಂಪುರ, ಜಲಂಧರದ ಹತ್ತಿರ. ವಿಮಾನ ಮಿಸ್ಟೇರ್. ಮುಖ್ಯಸ್ಥರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಅಂದು ಸಂಜೆಯೇ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಬಂದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳೇ ಸುಟ್ಟುಹೋದವು. ಅದು ವಾಯುಪಡೆಗೆ ಬಿದ್ದ ದೊಡ್ಡ ಪೆಟ್ಟು. ಸಾಲದು ಎಂಬಂತೆ ಆ ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಸುತ್ತಮುತ್ತ ಪಾಕಿಸ್ತಾನದ ಕಮಾಂಡೊಗಳು ಪ್ಯಾರಾಚೂಟ್‌ನಲ್ಲಿ ಇಳಿದರು. ಅವರಲ್ಲಿ ಹೆಚ್ಚಿನವರು ಬೇಗನೆ ಸಿಕ್ಕಿಬಿದ್ದರು. ಊರಿನ ಜನರೇ ಹುಡುಕಿ ಹಿಡಿದುಕೊಟ್ಟದ್ದೂ ಉಂಟು. ಆದರೆ ಆ ರಾತ್ರಿಯಂತೂ ಯಾವ ಹೊಲದಲ್ಲಿ ಯಾರಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಅಂಥ ರಾತ್ರಿಯನ್ನು ಕಳೆದು, ಬೆಳಕು ಹರಿಯುವ ಮೊದಲೇ ಆದಂಪುರದ ಪೈಲಟ್‌ಗಳು ವಿಮಾನ ಹತ್ತಬೇಕಿತ್ತು.

ಸರ್ಗೋಧಾ ಪಾಕಿಸ್ತಾನದ ವಾಯುಪಡೆಯ ಅತಿ ಮುಖ್ಯ ನೆಲೆ. ಒಂದು ದೊಡ್ಡ ರನ್‌ವೇ, ಸುತ್ತ ಹಲವು ಉಪನೆಲೆಗಳು. ಆದಂಪುರದಿಂದ ಸುಮಾರು 300 ಕಿಲೋಮೀಟರ್. ನಕ್ಷೆಯಲ್ಲಿ ಇದೇನು ಮಹಾ ದೂರ ಅನ್ನಿಸಬಹುದು. ಆದರೆ ಮಿಸ್ಟೇರ್‌ಗೆ ಅದು ದೂರವೇ. ರೇಡಾರಿಗೆ ಕಾಣಿಸಿಕೊಳ್ಳಬಾರದು ಅಂದರೆ ಮರಗಳ ಎತ್ತರದಲ್ಲಿ ಹಾರಬೇಕು. ಜೆಟ್ ಎಂಜಿನ್ ಕೆಳಗೆ ಹಾರಿದಷ್ಟೂ ಹೆಚ್ಚು ಇಂಧನ ಕುಡಿಯುತ್ತದೆ. ಹೋಗಿ, ಒಂದು ಬಾರಿ ದಾಳಿ ಮಾಡಿ, ನೇರವಾಗಿ ವಾಪಸ್ ಬರಲು ಇಂಧನ ಸಾಲುತ್ತಿತ್ತು. ಅಲ್ಲಿ ನಿಂತು ಕಾದಾಡಲು ಸಾಲುತ್ತಿರಲಿಲ್ಲ. ದಾರಿ ತೋರಿಸಲು ಇದ್ದದ್ದು ನಕ್ಷೆ, ದಿಕ್ಸೂಚಿ, ಗಡಿಯಾರ. ಇಂತಿಷ್ಟು ವೇಗದಲ್ಲಿ ಇಂತಿಷ್ಟು ನಿಮಿಷ ಹಾರಿದರೆ ಇಂಥ ಕಾಲುವೆ, ಇಂಥ ರೈಲು ಹಳಿ ಸಿಗಬೇಕು ಎಂಬ ಲೆಕ್ಕ. ಅದೂ ಕತ್ತಲಲ್ಲಿ.

ಈ ಲೆಕ್ಕಗಳೆಲ್ಲ ಅಲ್ಲಿದ್ದ ಪ್ರತಿಯೊಬ್ಬ ಪೈಲಟ್‌ಗೂ ಬಾಯಿಪಾಠ. ಹಾರುವುದನ್ನೇ ಕಲಿಸುತ್ತಿದ್ದ ದೇವಯ್ಯ ಅವರಿಗೆ ಹೇಳುವುದೇ ಬೇಡ.

ತನೇಜಾ ಮುಂದಾಳತ್ವದಲ್ಲಿ ಮಿಸ್ಟೇರ್‌ಗಳು ಹೋದವು. ಬೆಳಕು ಮೂಡುವ ಹೊತ್ತಿಗೆ ಸರ್ಗೋಧಾ ಮೇಲೆ ದಾಳಿ ನಡೆಯಿತು. ಅಲ್ಲಿಂದ ಮರಳುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಅಡ್ಡ ಬಂತು. ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಎರಡು ವಿಮಾನಗಳ ನಡುವಿನ ಅಂತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಬರೀ ಕಥೆಯಾಗಿ ಕೇಳಿಸುತ್ತದೆ. ಅಮೆರಿಕ ತಯಾರಿಸಿದ ಎಫ್-104 ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಅದರಲ್ಲಿ ಶಾಖವನ್ನು ಹಿಂಬಾಲಿಸುವ ಸೈಡ್‌ವೈಂಡರ್ ಕ್ಷಿಪಣಿಗಳಿದ್ದವು. ಆರು ನಳಿಗೆಗಳ 20 ಮಿಲಿಮೀಟರ್ ವಲ್ಕನ್ ತೋಪು ಇತ್ತು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ಮುಟ್ಟದ ವಿಮಾನ. ಕ್ಷಿಪಣಿ ಇಲ್ಲ. ಎರಡು 30 ಮಿಲಿಮೀಟರ್ ತೋಪುಗಳು, ಗುರಿ ಹಿಡಿಯಲು ಪೈಲಟ್‌ನ ಕಣ್ಣು. ಓಡಿ ತಪ್ಪಿಸಿಕೊಳ್ಳುತ್ತೇನೆ ಅಂದರೆ ಆಗದ ಮಾತು. ನೆಲಕ್ಕೆ ಹತ್ತಿರ ಗಾಳಿ ದಟ್ಟವಾಗಿರುವುದರಿಂದ ಸ್ಟಾರ್‌ಫೈಟರ್‌ಗೂ ಅದರ ಪೂರ್ತಿ ವೇಗ ಸಿಗುವುದಿಲ್ಲ, ನಿಜ. ಆದರೂ ಮಿಸ್ಟೇರ್ ಅನ್ನು ಅಟ್ಟಿಸಿಕೊಂಡು ಹಿಡಿಯಲು ಅದು ಬೇಕಾದಷ್ಟಾಯಿತು.

ಒಂದೇ ಒಂದು ವಿಷಯದಲ್ಲಿ ಮಿಸ್ಟೇರ್ ಮೇಲು. ಅದು ಚಿಕ್ಕ ಜಾಗದಲ್ಲಿ ತಿರುಗಬಲ್ಲದು. ಸ್ಟಾರ್‌ಫೈಟರ್‌ನ ರೆಕ್ಕೆಗಳು ತೀರಾ ಸಣ್ಣವು, ವೇಗಕ್ಕಾಗಿಯೇ ಹಾಗೆ ಮಾಡಿದ್ದು. ಸಣ್ಣ ರೆಕ್ಕೆಯ ವಿಮಾನಕ್ಕೆ ಬಿಗಿಯಾಗಿ ತಿರುಗುವುದು ಕಷ್ಟ. ಜೊತೆಗೆ ವೇಗ ಎರಡು ಪಟ್ಟಾದರೆ, ಪೈಲಟ್‌ನ ಮೇಲೆ ಬೀಳುವ ಒತ್ತಡ ಅಷ್ಟೇ ಇದ್ದಾಗ, ತಿರುಗಲು ಬೇಕಾದ ಸುತ್ತು ನಾಲ್ಕು ಪಟ್ಟಾಗುತ್ತದೆ. ಇಕ್ಕಟ್ಟಾದ ರಸ್ತೆಯಲ್ಲಿ ಸ್ಕೂಟರ್ ಹಿಂದಕ್ಕೆ ತಿರುಗುವ ಜಾಗದಲ್ಲಿ ಲಾರಿ ಒದ್ದಾಡುವ ಹಾಗೆ. ಹಾಗಾಗಿ ನಿಧಾನದ ವಿಮಾನಕ್ಕೆ ಇರುವ ದಾರಿ ಒಂದೇ. ಓಡಬಾರದು, ತಿರುಗಿ ನಿಲ್ಲಬೇಕು. ಎದುರಾಳಿಯನ್ನೂ ತನ್ನ ಜೊತೆ ಸುತ್ತುವಂತೆ ಮಾಡಿ ಅವನ ವೇಗ ಇಳಿಸಬೇಕು.

ಆದರೆ ಹಾಗೆ ತಿರುಗಿ ನಿಂತವರಿಗೆ ಮನೆಗೆ ಮರಳುವ ಇಂಧನ ಉಳಿಯುವುದಿಲ್ಲ.

ಅಮ್ಜದ್ ಹುಸೇನ್ ಅವರ ತೋಪಿನ ಗುಂಡುಗಳು ದೇವಯ್ಯ ಅವರ ವಿಮಾನಕ್ಕೆ ತಗುಲಿದವು. ಅದು ಮುಗಿಯಿತು ಎಂದುಕೊಂಡು ಅವರು ಇನ್ನೊಂದು ಮಿಸ್ಟೇರ್ ಕಡೆ ಹೊರಳಿದರು. ಆದರೆ ಏಟು ತಿಂದ ವಿಮಾನ ಬಿದ್ದಿರಲಿಲ್ಲ. ದೇವಯ್ಯ ಅದನ್ನು ತಿರುಗಿಸಿ ಸ್ಟಾರ್‌ಫೈಟರ್ ಮೇಲೆ ಏರಿಹೋದರು. ಕೆಳಮಟ್ಟದಲ್ಲಿ ಎರಡೂ ಕಾದಾಡಿದವು. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅದು ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಹೊರಗೆ ಹಾರಿ ಪ್ಯಾರಾಚೂಟ್‌ನಲ್ಲಿ ಬದುಕಿಕೊಂಡರು. ದೇವಯ್ಯ ಅವರ ವಿಮಾನ ಪಾಕಿಸ್ತಾನದ ನೆಲದಲ್ಲೇ ಬಿತ್ತು. ಡಿಸೆಂಬರ್‌ನಲ್ಲಿ ಅವರಿಗೆ 33 ತುಂಬಬೇಕಿತ್ತು.

ಆ ಕಾದಾಟವನ್ನು ನಮ್ಮ ಕಡೆಯವರು ಯಾರೂ ಕಾಣಲಿಲ್ಲ. ಉಳಿದ ಮಿಸ್ಟೇರ್‌ಗಳು ತಗ್ಗಿನಲ್ಲಿ, ಪೂರ್ತಿ ವೇಗದಲ್ಲಿ ಗಡಿಯ ಕಡೆ ಹೋಗುತ್ತಿದ್ದವು. ಹೋಗಲೇಬೇಕಿತ್ತು, ಆಜ್ಞೆಯೇ ಹಾಗೆ. ಆದಂಪುರದಲ್ಲಿ ಇಳಿದು ಎಣಿಸಿದಾಗ ಒಂದು ವಿಮಾನ ಕಡಿಮೆ. ವಿಮಾನಕ್ಕೆ ನೆಲದಿಂದ ಗುಂಡು ಬಿತ್ತೋ, ಏನಾದರೂ ಕೆಟ್ಟಿತೋ, ಶತ್ರು ವಿಮಾನ ಹೊಡೆಯಿತೋ ಹೇಳುವವರೇ ಇರಲಿಲ್ಲ. ಕಡತದಲ್ಲಿ ದೇವಯ್ಯ ಕಾಣೆಯಾದವರು ಎಂದಾಯಿತು.

ಕಾಣೆಯಾದವರು. ಮನೆಯವರ ಪಾಲಿಗೆ ಇದಕ್ಕಿಂತ ಕ್ರೂರವಾದ ಸುದ್ದಿ ಇನ್ನೊಂದು ಇರಲಾರದು. ಸತ್ತಿದ್ದಾರೆ ಎಂದರೆ ಅಳಬಹುದು. ಸೆರೆಯಲ್ಲಿದ್ದಾರೆ ಎಂದರೆ ಕಾಯಬಹುದು. ಕಾಣೆಯಾಗಿದ್ದಾರೆ ಎಂದರೆ ಅಳುವುದಕ್ಕೂ ಮನಸ್ಸು ಬರುವುದಿಲ್ಲ, ಕಾಯುವುದಕ್ಕೂ ಧೈರ್ಯ ಸಾಲುವುದಿಲ್ಲ. ದೇವಯ್ಯ ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಇದನ್ನು ವರ್ಷಗಟ್ಟಲೆ ಹೊತ್ತುಕೊಂಡಿದ್ದರು. ಕೊಡಗಿನಲ್ಲಿ ಸಾವಾದರೆ ಕೋವಿಯಿಂದ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಆ ಗುಂಡಿನ ಶಬ್ದ ಕೇಳಿ ಕೇರಿಯ ಜನ ಕೆಲಸ ಬಿಟ್ಟು ಮನೆಗೆ ಬರುತ್ತಾರೆ. ಕಾಣೆಯಾದವನಿಗಾಗಿ ಯಾವ ದಿನ ಗುಂಡು ಹಾರಿಸುವುದು?

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಆ ಕಡೆ ಬಿದ್ದರು. ಕಾರ್ಯಪ್ಪ ಅವರ ಮಗ ಕೆ.ಸಿ. ಕಾರ್ಯಪ್ಪ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆಗಳು ಉಳಿದಿದ್ದಾಗ, ಅವರ ಹಂಟರ್ ವಿಮಾನಕ್ಕೆ ಏಟು ಬಿದ್ದು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪ ಅವರ ಕೈಕೆಳಗೆ ದುಡಿದವರು. ಮಗನನ್ನು ಬಿಡುವ ಮಾತು ಬಂದಾಗ ಕಾರ್ಯಪ್ಪ ಒಪ್ಪಲಿಲ್ಲ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂಬ ಅರ್ಥದ ಉತ್ತರ ಕೊಟ್ಟರು. ಈ ಪ್ರಸಂಗ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು, ಕರ್ನಾಟಕದಲ್ಲೂ ಬಹಳ ಜನಕ್ಕೆ ಗೊತ್ತು. ಮಗ ಕೆಲವು ತಿಂಗಳ ಮೇಲೆ ಮನೆಗೆ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಆ ಎರಡು ಮನೆಗಳನ್ನು ನಾನು ಒಟ್ಟಿಗೆ ನೆನೆಯುತ್ತೇನೆ. ಒಂದು ಮನೆಗೆ ಮಗ ಬಂದ. ಇನ್ನೊಂದು ಮನೆಗೆ ಸುದ್ದಿಯೂ ಬರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ತಂದರು. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ, ಅವರ ಕಡೆಯ ನೋಟದಿಂದ ಬರೆದ ಪುಸ್ತಕ ಅದು. ಅದರಲ್ಲಿ ಸೆಪ್ಟೆಂಬರ್ 7ರ ಬೆಳಗ್ಗೆ ಒಂದು ಸ್ಟಾರ್‌ಫೈಟರ್ ಕಳೆದುಕೊಂಡ ವಿವರ ಇತ್ತು. ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಅದು ಬಿತ್ತು ಎಂದಿತ್ತು. ಯಾವ ಮಿಸ್ಟೇರ್? ಆ ದಾಳಿಯಿಂದ ಮರಳಿದ ಯಾವ ಪೈಲಟ್ ಕೂಡ ಸ್ಟಾರ್‌ಫೈಟರ್ ಜೊತೆ ಕಾದಾಡಿದ ವರದಿ ಕೊಟ್ಟಿರಲಿಲ್ಲ. ಉಳಿದದ್ದು ಮರಳದ ಪೈಲಟ್ ಒಬ್ಬರೇ.

ಪಾಕಿಸ್ತಾನದ ಕೆಲವು ವಿವರಣೆಗಳು ಬೇರೆ ರೀತಿ ಹೇಳುತ್ತವೆ. ಮಿಸ್ಟೇರ್ ಸಿಡಿದಾಗ ಅದರ ಚೂರುಗಳು ಬಡಿದು ಸ್ಟಾರ್‌ಫೈಟರ್ ಬಿತ್ತು ಎನ್ನುತ್ತವೆ. ಎರಡನ್ನೂ ಓದಿ ನೋಡಿದ ಮೇಲೆ ನಾನು ಫ್ರಿಕರ್ ಮಾತನ್ನೇ ನಂಬುತ್ತೇನೆ. ಪಾಕಿಸ್ತಾನದ ಪರವಾಗಿ ವಾಲಿದ್ದ ಪುಸ್ತಕವೊಂದು, ಅವರ ಅತಿ ಹೆಮ್ಮೆಯ ವಿಮಾನ ಹಳೆಯ ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಬಿತ್ತು ಎಂದು ಬರೆಯಲು ಸತ್ಯ ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ.

ತನೇಜಾ ಅವರು ಈ ವಿಷಯವನ್ನು ಕೈಬಿಡಲಿಲ್ಲ. ಅವತ್ತು ತಾವೇ ಕರೆದುಕೊಂಡು ಹೋಗಿದ್ದ ದಂಡಿನಲ್ಲಿ ಒಬ್ಬರು ಮರಳಿರಲಿಲ್ಲ. ಅವರ ಕೊನೆಯ ನಿಮಿಷಗಳು ಹೇಗಿದ್ದವು ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಅವರು ವಾಯುಪಡೆಗೆ ಬರೆದರು, ದೇವಯ್ಯ ಅವರಿಗೆ ಸಲ್ಲಬೇಕಾದ ಗೌರವ ಕೇಳಿದರು. ವಾಯುಪಡೆಯೂ ವಿವರಗಳನ್ನು ಪರಿಶೀಲಿಸಿತು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಅದನ್ನು ಪಡೆದರು. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ.

ನನ್ನನ್ನು ಕಾಡುವ ಇನ್ನೊಂದು ಸಂಗತಿ ಇದೆ. ಅಮ್ಜದ್ ಹುಸೇನ್ 1971ರ ಯುದ್ಧದಲ್ಲೂ ಸ್ಟಾರ್‌ಫೈಟರ್ ಹಾರಿಸಿದರು. ಆ ಡಿಸೆಂಬರ್‌ನಲ್ಲಿ ಅಮೃತಸರದ ಬಳಿ ನಮ್ಮ ವಿಮಾನ ನಿರೋಧಕ ತೋಪುಗಳು ಅವರ ವಿಮಾನವನ್ನು ಹೊಡೆದವು. ಈ ಸಲವೂ ಹೊರಗೆ ಹಾರಿ ಬದುಕಿದರು, ಆದರೆ ಭಾರತದ ಸೆರೆಯಾದರು. ಆ ಕಾದಾಟದಲ್ಲಿದ್ದು ಬದುಕಿದ ಒಬ್ಬನೇ ಒಬ್ಬ ಮನುಷ್ಯ ಆಗ ನಮ್ಮ ನೆಲದಲ್ಲೇ ಇದ್ದರು. ದೇವಯ್ಯ ಅವರ ಮನೆಯವರು ಕಾಯುತ್ತಿದ್ದ ಉತ್ತರ ಅವರ ಹತ್ತಿರ ಇತ್ತು. ಆ ಉತ್ತರ ಕೊನೆಗೆ ಬಂದದ್ದು ಲಂಡನ್ ಕಡೆಯಿಂದ, ಅದೂ ಇನ್ನೂ ಎಂಟು ವರ್ಷ ಕಳೆದು.

ದೇವಯ್ಯ ಅವರ ದೇಹವನ್ನು ಅಲ್ಲಿನ ಹಳ್ಳಿಯ ಜನ ಹೊಲದಲ್ಲಿ ಹೂತರು ಎಂದು ಆ ಕಡೆಯ ವಿವರಗಳು ಹೇಳುತ್ತವೆ. ಶತ್ರು ದೇಶದ ಪೈಲಟ್‌ಗೆ ಮಣ್ಣು ಕೊಟ್ಟ ಆ ರೈತರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅವರ ಹೆಸರಿನ ವೃತ್ತ ಇದೆ. ಕೊಡಗು ಅವರನ್ನು ಮರೆತಿಲ್ಲ. ಆದರೆ ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಮಕ್ಕಳಿಗೆ ಈ ಹೆಸರು ಗೊತ್ತಿದೆಯಾ? ಅನುಮಾನ. ನಮ್ಮದೇ ರಾಜ್ಯದವರು, ಕನ್ನಡದಲ್ಲಿ ಅವರ ಬಗ್ಗೆ ಸಿಗುವುದು ಮಾತ್ರ ಬಹಳ ಕಡಿಮೆ. ಸಿಗುವುದರಲ್ಲೂ ಮುಕ್ಕಾಲು ಪಾಲು ಆ ಕೆಲವು ನಿಮಿಷಗಳ ಕಾದಾಟ.

ಆ ನಿಮಿಷಗಳ ಕಥೆ ಈಗ ಸುರಕ್ಷಿತವಾಗಿದೆ. ಸಿಗದೆ ಇರುವುದು ಉಳಿದ ವರ್ಷಗಳು. ಅವರು ಹೇಗೆ ಕಲಿಸುತ್ತಿದ್ದರು? ಹುಡುಗರು ತಪ್ಪಿದಾಗ ಬೈಯುತ್ತಿದ್ದರಾ, ಸುಮ್ಮನಿದ್ದು ಮತ್ತೊಮ್ಮೆ ಮಾಡಿಸುತ್ತಿದ್ದರಾ? ಮೊದಲ ಸಲ ಒಬ್ಬನೇ ಹಾರಿ ಬಂದವನಿಗೆ ಏನು ಹೇಳುತ್ತಿದ್ದರು? ಅವರ ಕೈಯಲ್ಲಿ ಹಾರಲು ಕಲಿತ ಹುಡುಗರು 1965ರಲ್ಲಿ ಇಪ್ಪತ್ತರ ಆಸುಪಾಸಿನವರು. ಈಗ 80 ದಾಟಿರುತ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನಿವೃತ್ತ ವಾಯುಪಡೆಯವರು ಎಷ್ಟೋ ಜನ ಇದ್ದಾರೆ. ನಿಮ್ಮ ತಾತನೋ, ಪಕ್ಕದ ಮನೆಯ ಹಿರಿಯರೋ ಆ ಕಾಲದಲ್ಲಿ ತರಬೇತಿ ಪಡೆದವರಾಗಿದ್ದರೆ ಈ ವಾರವೇ ಹೋಗಿ ಕೇಳಿ. ದೇವಯ್ಯ ಅವರ ಜೊತೆ ಹಾರಿದ್ದೀರಾ ಅಂತ ಕೇಳಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹೆಸರು, ವರ್ಷ, ಊರು ಬರೆದಿಡಿ, ಮತ್ತು ಅದನ್ನು ಕನ್ನಡದಲ್ಲಿ ಹಾಕಿ.